ರಿಪ್ಪನ್‌ಪೇಟೆಯ ಎಂಟನೇ ಬಾಗೆ ಗಿಡ

ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇದ್ದಾಗ ನನ್ನನ್ನು ಹುಲಿಕಲ್ ಘಾಟಿಯಿಂದ ಎತ್ತಿ ರಿಪ್ಪನ್‌ಪೇಟೆಗೆ ಉಪ ವಲಯ ಅರಣ್ಯಾಧಿಕಾರಿಯಾಗಿ ಹಾಕಿದರು. ವರ್ಷವಿಡೀ ಹಸಿರಾಗಿರುವ ಕಾಡು ಕಾಯುತ್ತಿದ್ದವನು ರಸ್ತೆ ಬದಿಯ ಹನ್ನೆರಡು ಗಿಡ ಕಾಯಬೇಕಾಯಿತು. ನನಗೆ ಮೈಯೆಲ್ಲ ಉರಿ. ಅದನ್ನು ಸಿಕ್ಕಸಿಕ್ಕವರ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಬಸ್ ಕಾಯುವವರ ನೆರಳಿಗೆಂದು ಆರಿಸಿದ್ದು ಬಾಗೆ. ಗಟ್ಟಿ ಜಾತಿ, ಕಲ್ಲುಮಣ್ಣಿನಲ್ಲೂ ಬೇರು ಬಿಡುತ್ತದೆ. ಮುಂಗಾರು ಶುರುವಾಗುತ್ತಲೇ ಎರಡಡಿ ಗುಂಡಿ ತೆಗೆಸಿ ಎದೆಮಟ್ಟದ ಸಸಿ ನೆಡಿಸಿದೆ. ಪ್ರತಿಯೊಂದಕ್ಕೂ ಬಿದಿರಿನ ಗೂಟ ಕೊಟ್ಟು ಸಡಿಲವಾಗಿ ದಾರ ಕಟ್ಟಿಸಿದೆ. ಸಸಿ ತಾನೇ ನಿಲ್ಲುವಂತಾದ ಮೇಲೆ ಗೂಟ ಕೀಳಬೇಕು, ಇಲ್ಲದಿದ್ದರೆ ಕಾಂಡ ಬಲಿಯುವುದಿಲ್ಲ. ನೀರು ಹಾಕಲು ದಿನಗೂಲಿಯ ಮೇಲೆ ನಾಗವೇಣಿಯನ್ನು ಇಟ್ಟುಕೊಂಡೆ. ಹನ್ನೆರಡೂ ಉಳಿದರೆ ಇಲಾಖೆಯ ನರ್ಸರಿಯಲ್ಲಿ ಕಾಯಂ ಆಗಿ ಕೆಲಸ ಸಿಗುವಂತೆ ಶಿಫಾರಸು ಮಾಡುತ್ತೇನೆಂದು ಮಾತು ಕೊಟ್ಟೆ. ಅವಳು ಆ ಮಾತನ್ನು ನಂಬಿ ದುಡಿದಳು.

ಎದುರಿನ ಹೋಟೆಲಿನವನಿಗೆ ಈ ಗಿಡಗಳೆಂದರೆ ಆಗದು. ಅವನ ಬೋರ್ಡು ಮುಚ್ಚಿಹೋಗುತ್ತದಂತೆ. ಫೆಬ್ರವರಿ ಕೊನೆಯಲ್ಲಿ ಫೋನ್ ಮಾಡಿ, "ನಿಮ್ಮ ಹೆಂಗ್ಸು ಗಿಡದ ಕಡೆ ತಲೆನೇ ಹಾಕಲ್ಲ, ಬಂದು ನೋಡಿ" ಎಂದ. ಮಳೆಗಾಲ ಮುಗಿದ ಮೇಲೆ ಗಿಡ ನೋಡಲು ಹೋಗಿಯೇ ಇರದ ನಾನು ಆಗಲೇ ಜೀಪು ಹತ್ತಿದೆ.

ಹೋಗಿ ನೋಡಿದರೆ ಪ್ರತಿ ಗುಂಡಿಯಲ್ಲೂ ಒಂದು ಗಿಡ ಹಚ್ಚಗೆ ಚಿಗುರಿದೆ, ಅದಕ್ಕೆ ಕಟ್ಟಿದ ಒಂದು ಬೋಳು ಕೋಲು ಇನ್ನೂ ಹಾಗೇ ಇದೆ. ಗೂಟ ತೆಗೆಯದೆ ಗಿಡ ಹಾಳು ಮಾಡುತ್ತಿದ್ದಾಳೆ ಎಂದು ನನ್ನ ಪಿತ್ತ ನೆತ್ತಿಗೇರಿತು.

"ಒಣಕಲು ಗೂಟ ಎಲ್ಲ ಕೀಳು" ಎಂದೆ.

"ಅದು ಗೂಟ ಅಲ್ಲ ಸಾರ್, ಅದೇ ಗಿಡ. ಕೀಳಲ್ಲ ನಾನು" ಎಂದಳು.

"ಮೂವತ್ತು ವರ್ಷ ಕಾಡಲ್ಲಿದ್ದವ್ನಿಗೆ ಗಿಡ ಕಲಿಸ್ತೀಯಾ? ನಾಳೆಯಿಂದ ಬರ್ಬೇಡ!"

ಹೋಟೆಲಿನ ಬಾಗಿಲಲ್ಲಿ ಜನ ಸೇರಿದರು. ನಾಗವೇಣಿ ಕೊಡ ಕೆಳಗಿಟ್ಟು ಎಂಟನೇ ಗುಂಡಿಗೆ ಅಡ್ಡ ನಿಂತಳು. ನಾನು ಅವಳನ್ನು ಬಳಸಿಕೊಂಡು ಹೋಗಿ, ದಾರ ಹರಿದು, ಬೋಳು ಕೋಲನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದೆ. ಒದ್ದೆ ಮಣ್ಣಿನ ಸಮೇತ ಉದ್ದನೆಯ ಬೇರು ಕಿತ್ತುಬಂತು. ಅವಳು ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಹಸಿರು.

ಆದದ್ದಿಷ್ಟು. ಬಿದಿರಿನ ಗೂಟಗಳಿಗೆ ಗೆದ್ದಲು ಹಿಡಿದಿತ್ತು. ಡಿಸೆಂಬರಿನಲ್ಲಿ ಅವಳು ಯಾರದೋ ಬೇಲಿಯಿಂದ ಗೊಬ್ಬರದ ಗಿಡದ ಕೋಲು ಕಡಿದು ತಂದು ಹುಗಿದಿದ್ದಳು. ನಮ್ಮ ಕಡೆ ಸೊಪ್ಪಿಗೆಂದು ಎಲ್ಲರ ಬೇಲಿಯಲ್ಲೂ ಇರುವ ಗಿಡ ಅದು, ಹುಗಿದಲ್ಲಿ ಚಿಗುರುತ್ತದೆ. ಅವಳು ದಿನಾ ಹೊಯ್ದ ನೀರಿಗೆ ಗೂಟ ಚಿಗುರಿತ್ತು. ಬಾಗೆ ತನ್ನ ಪದ್ಧತಿಯಂತೆ ಬೇಸಿಗೆಗೆ ಎಲೆ ಉದುರಿಸಿತ್ತು. ಗೂಟ ಬದಲಿಸಿದ್ದನ್ನು ಅವಳು ಫೋನಿನಲ್ಲಿ ಹೇಳಿದ್ದಳು, ನಾನು "ಆಯ್ತಾಯ್ತು" ಎಂದು ಇಟ್ಟಿದ್ದೆ. ಘಾಟಿಯ ಕಾಡಿನಲ್ಲಿ ಬೋಳು ಅಂದರೆ ಸಾವು ಎಂದೇ ನೋಡಿ ನೋಡಿ ನನ್ನ ಕಣ್ಣು ಕೆಟ್ಟಿತ್ತು; ಸಿಟ್ಟಿನಲ್ಲಿ ಎಲೆ ಯಾವುದರದು, ಕೋಲು ಬಿದಿರೋ ಅಲ್ಲವೋ ಎಂದೂ ನೋಡಲಿಲ್ಲ.

ಕಿತ್ತದ್ದನ್ನು ಅಲ್ಲೇ ಮತ್ತೆ ನೆಟ್ಟೆವು. ಹದಿನೈದು ದಿನದಲ್ಲಿ ತುದಿಯಿಂದ ಬುಡದವರೆಗೆ ಒಣಗಿತು. ನಾಗವೇಣಿಯನ್ನು ಮತ್ತೆ ಕರೆದೆ, ತಪ್ಪಾಯಿತು ಎಂದೆ. ಕೆಲಸಕ್ಕೆ ಬಂದಳು. ಕೊಡ ಎತ್ತಿಕೊಂಡು ಮೊದಲನೇ ಗುಂಡಿಯಿಂದ ನೀರು ಹೊಯ್ಯತೊಡಗಿದಳು.

ಏಪ್ರಿಲಿನಲ್ಲಿ ಮೇಲಧಿಕಾರಿ ಗಿಡ ಎಣಿಸಲು ಬಂದರು. ಬಾಗೆಗಳೂ ಚಿಗುರಿದ್ದವು, ಎಂಟನೇ ಗುಂಡಿಯಲ್ಲಿ ಗೂಟದ್ದಾದರೂ ಹಸಿರಿತ್ತು. ಅವರು ಜೀಪಿನಿಂದ ಇಳಿಯಲೂ ಇಲ್ಲ. ನಾನು ನಾಚಿಕೆಯಿಲ್ಲದೆ, "ಹನ್ನೆರಡೂ ಉಳಿದಿವೆ ಸರ್" ಎಂದೆ. ಅವಳಿಗೂ ಅದೇ ಒಳ್ಳೆಯದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

"ಹನ್ನೊಂದು ಸಾರ್" ಎಂದಳು ನಾಗವೇಣಿ. "ಒಂದನ್ನ ಇವ್ರು ಕಿತ್ರು."

ಆ ಅಧಿಕಾರಿ ನನ್ನ ಮುಖ ನೋಡಿದರು. ಎಂಟನೆಯದು ನನ್ನ ಕೈಯಿಂದಲೇ ಸತ್ತಿತೆಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಅದರ ಕೆಳಗೇ ಅವಳ ನರ್ಸರಿ ಕೆಲಸದ ಶಿಫಾರಸನ್ನೂ ಬರೆದೆ. ಅವಳಿಗೆ ಕೆಲಸ ಸಿಕ್ಕಿತು. ನನ್ನೊಡನೆ ಮಾತು ಅಷ್ಟಕ್ಕೇ ನಿಂತಿತು.

ಕೀಳುವ ಮುಂಚೆ ತೊಗಟೆ ಕೆರೆದು ನೋಡಬೇಕು. ಸರ್ವಿಸಿನ ಮೊದಲ ವರ್ಷ ಕಲಿಯಬೇಕಿದ್ದ ಪಾಠವನ್ನು ಕೊನೆಗಾಲದಲ್ಲಿ, ಊರವರ ಎದುರು, ದಿನಗೂಲಿಯ ಹೆಂಗಸಿನಿಂದ ಕಲಿತೆ.

ಈಗ ಹನ್ನೊಂದು ಬಾಗೆಗಳ ಕೆಳಗೆ ಜನ ನಿಲ್ಲುತ್ತಾರೆ, ಆ ಹೋಟೆಲಿನವನು ಅಲ್ಲೇ ಬೆಂಚು ಹಾಕಿದ್ದಾನೆ. ಮಿಕ್ಕ ಗೂಟಗಳನ್ನೆಲ್ಲ ಆ ವರ್ಷವೇ ತೆಗೆಸಿದೆ. ಎಂಟನೇ ಗುಂಡಿಯ ಗೂಟವನ್ನು ಮಾತ್ರ ನಾಗವೇಣಿ ಮುಟ್ಟಗೊಡಲಿಲ್ಲ, ಅದೀಗ ದೊಡ್ಡ ಪೊದೆಯಾಗಿದೆ. ಯಾರಾದರೂ ಕೇಳಿದರೆ ಹೇಳುತ್ತಾಳಂತೆ: "ಅದು ಸಾಹೇಬ್ರು ಉಳ್ಸಿದ್ ಗಿಡ."