ಗೌಂಡಿ ಅಂತಪ್ಪ ಕಟ್ಟಿಟ್ಟ ಕುಣಿ

ಮುದಗಲ್ಲಿನ ಗೌಂಡಿ ಅಂತಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಗೋಡೆ ಸೊಟ್ಟ ಎಂದವನಿಗೆ ನಿನ್ನ ಕಣ್ಣು ಸೊಟ್ಟ ಎನ್ನುವ ಆಸಾಮಿ. ಆದರೆ ಸಾವಿನ ವಿಷಯದಲ್ಲಿ ಅವನಷ್ಟು ಅಚ್ಚುಕಟ್ಟಿನ ಮನುಷ್ಯ ಊರಲ್ಲಿ ಇನ್ನೊಬ್ಬನಿರಲಿಲ್ಲ. ಒಳ್ಳೆಯ ಮರಣ ಕೊಡಿಸಪ್ಪಾ ಎಂದು ದಿನಾ ಸಂತ ಜೋಸೆಫರನ್ನು ಬೇಡಿಕೊಂಡೇ ಮಲಗುವನು. ಚರ್ಚಿನ ಸ್ಮಶಾನದಲ್ಲಿ ಜಾಗ ಸಾಲದೆ ಒಬ್ಬರ ಮೇಲೊಬ್ಬರನ್ನು ಹೂಳುವ ರೂಢಿ. ಅವನ ಅಪ್ಪನ ಮೇಲೆ ಅವ್ವ, ಅವ್ವನ ಮೇಲೆ ಹೆಂಡತಿ ಆದಮ್ಮ ಮಲಗಿದ ಮೇಲೆ ಮನೆತನದ ಕುಣಿ ತುಂಬಿತು. ಪಕ್ಕದಲ್ಲಿ ಉಳಿದಿದ್ದ ತುಂಡು ನೆಲವನ್ನು ಅಂತಪ್ಪ ಫಾದರ್ ಹತ್ತಿರ ಕೇಳಿ ಪಡೆದ. ತನ್ನ ಕುಣಿ ತಾನೇ ತೋಡಿ, ಒಳಗೆ ಕಲ್ಲು ಕಟ್ಟಿ, ಮೇಲೆ ಬಂಡೆ ಮುಚ್ಚಿಟ್ಟ. ಖಾಲಿ ಕುಣಿ ಯಾರನ್ನಾದರೂ ಕರೆಯುತ್ತದೆ ಎಂದು ಓಣಿಯವರು ಬೈದರು. ಕರೆದರೆ ನನ್ನನ್ನೇ ಕರೆಯುತ್ತದೆ, ನಿಮಗೇಕೆ ಹೊಟ್ಟೆನೋವು ಎಂದು ಇವನೂ ಬೈದ. ಆದಮ್ಮನ ಮಗ್ಗುಲಲ್ಲಿ ಮಲಗಬೇಕು, ಸತ್ತವರೆಲ್ಲ ಏಳುವ ಕಡೆಯ ದಿನ ಅವಳ ಜೊತೆಗೇ ಏಳಬೇಕು. ಬದುಕಿನಲ್ಲಿ ಅವನಿಗೆ ಉಳಿದಿದ್ದ ಆಸೆ ಅದೊಂದೇ.

ತಮ್ಮ ರಾಯಪ್ಪ ಬೇರೆ ದಾರಿ ಹಿಡಿದು ಲಿಂಗಸುಗೂರಿನ ಒಂದು ಹೊಸ ಕ್ರೈಸ್ತ ಸಭೆ ಸೇರಿದ್ದ. ಲೋಕದ ಅಂತ್ಯ ಹೊಸ್ತಿಲಿಗೆ ಬಂದಿದೆ, ನಮ್ಮಲ್ಲಿ ಯಾರೂ ಸಾಯುವುದಿಲ್ಲ, ಜೀವಂತವಾಗಿಯೇ ಮೇಲಕ್ಕೆ ಎತ್ತಲ್ಪಡುತ್ತೇವೆ ಎಂಬುದು ಅಲ್ಲಿಯ ಪಾಸ್ಟರನ ಬೋಧನೆ. ಸಾಯದವರಿಗೆ ಸ್ಮಶಾನ ಯಾತಕ್ಕೆ? ಸಭೆಗೆ ಚಪ್ಪರ, ಮೈಕು, ಡ್ರಮ್ಮು ಎಲ್ಲ ಇದ್ದವು. ಹೂಳಲು ಗೇಣು ನೆಲ ಇರಲಿಲ್ಲ. ಹಾಳಾಗಿ ಹೋಗಲಿ ಎಂದು ಅಂತಪ್ಪ ಸುಮ್ಮನಿದ್ದ. ಆದರೆ ಆದಮ್ಮನನ್ನು ಮಣ್ಣು ಮಾಡುವ ದಿನ ರಾಯಪ್ಪ ಎಲ್ಲರೆದುರು ಬಾಯಿ ಬಿಟ್ಟ.

“ಅತ್ತಿಗಿಗೆ ವಿಶ್ವಾಸ ಇದ್ದಿದ್ರ ಸಾಯ್ತಿದ್ದಿಲ್ಲ.”

ಅಂದಿನಿಂದ ಅಣ್ಣ ತಮ್ಮನ ಮುಖ ನೋಡಲಿಲ್ಲ.

ಈ ಮಳೆಗಾಲದಲ್ಲಿ ರಾಯಪ್ಪನೇ ಸತ್ತ. ಎದೆನೋವು ಎಂದವನು ಕುಂತಲ್ಲೇ ಹೋದ. ಜನರನ್ನು ಸ್ವರ್ಗಕ್ಕೆ ಎತ್ತಿಸುವ ಪಾಸ್ಟರ್ ಫೋನನ್ನೂ ಎತ್ತಲಿಲ್ಲ. ರಾಯಪ್ಪನ ಹೆಂಡತಿ ಎಸ್ತೇರಮ್ಮ ಹೆಣವನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದು ಅಂತಪ್ಪನ ಬಾಗಿಲಲ್ಲಿ ನಿಂತಳು. ಇಲ್ಲೇ ಜ್ಞಾನಸ್ನಾನ ಪಡೆದ ಮಗ, ಇಲ್ಲೇ ಮಣ್ಣಾಗಲಿ ಎಂದು ಫಾದರ್ ಒಪ್ಪಿದ್ದರು. ಆದರೆ ಖಾಲಿ ಇದ್ದದ್ದು ಆ ಒಂದೇ ಕುಣಿ, ಅದನ್ನು ಕೊಡಬೇಕಾದವನು ಅಂತಪ್ಪ.

ಅಂತಪ್ಪ ಕೆಂಡವಾದ. ಸತ್ತವನನ್ನು ಬೈದ, ಪಾಸ್ಟರನನ್ನು ಬೈದ, ಪಾಪ, ಟಂಟಂನವನನ್ನೂ ಬೈದ. ಸಾಯುವುದೇ ಇಲ್ಲ ಎಂದ ಆ ಪಾಸ್ಟರನ ಅಂಗಳದಲ್ಲೇ ಈ ಹೆಣ ಇಳಿಸು ಹೋಗು ಎಂದ. ಎಸ್ತೇರಮ್ಮ ಅಳಲಿಲ್ಲ, ಕಾಲಿಗೂ ಬೀಳಲಿಲ್ಲ.

“ಭಾವಾರ, ಇವರು ಸಾವಿಗೆ ತಯಾರ ಆಗಲಾರ್ದ ಸತ್ತಾರ,” ಎಂದಳು. “ಎದಿ ಹಿಡಕೊಂಡಾಗ ಭಾಳ ಅಂಜಿದ್ರು. ಸಣ್ಣ ಹುಡುಗರಂಗ ಅವ್ವನ್ನ ಕರದ್ರು.”

ಅಂತಪ್ಪ ಒಳಗೆ ಹೋದ. ಕಲ್ಲು ಮೀಟುವ ಹಾರೆ ಹಿಡಿದು ಬಂದು, ಯಾರಿಗೂ ಕಾಯದೆ ಸ್ಮಶಾನದ ಕಡೆ ಹೊರಟ. ಬಂಡೆ ಸರಿಸುವಾಗ ಮತ್ತೆ ಬೈಗುಳ ಶುರುವಾಯಿತು. ಫಾದರ್ ಪ್ರಾರ್ಥನೆ ಮುಗಿಸುವವರೆಗೆ ಮಾತ್ರ ಹಲ್ಲು ಕಚ್ಚಿ ನಿಂತ. ತಾನು ಕಟ್ಟಿದ ಕಲ್ಲಿನ ನಡುವೆ, ಆದಮ್ಮನ ಮಗ್ಗುಲಿಗೆ, ತಮ್ಮನ ಪೆಟ್ಟಿಗೆ ಇಳಿಯಿತು. ಆದರೂ ಮೊದಲ ಹಿಡಿ ಮಣ್ಣು ಅಂತಪ್ಪನೇ ಹಾಕಿದ.

ಎಲ್ಲರೂ ಹೊರಟಾಗ ಎಸ್ತೇರಮ್ಮ ಅಳುಕುತ್ತ ಕೇಳಿದಳು, ನಿಮ್ಮ ಜಾಗ ಹೋಯಿತಲ್ಲ, ನಾಳೆ ನಿಮ್ಮನ್ನೆಲ್ಲಿ ಇಡುವುದು ಎಂದು.

“ಇವನ ಮ್ಯಾಲೇ ಹಾಕ್ರಿ,” ಎಂದ ಅಂತಪ್ಪ. “ಎಲ್ಲಾರೂ ಏಳೋ ದಿನ ನನ್ನ ಎಬ್ಬಿಸಲಾರ್ದ ಅದ್ಹೆಂಗ ಎದ್ದು ಹೋಗ್ತಾನ, ನೋಡ್ತೀನಿ.”