ಮಾವಶಿಯ ಸಪ್ಪೆ ನುಚ್ಚು

ಹೋದ ತಿಂಗಳು ರಕ್ತದೊತ್ತಡ ಏರಿದೆ ಎಂದು ಡಾಕ್ಟರು ನನಗೆ ಉಪ್ಪು ಕಡಿಮೆ ಮಾಡಲು ಹೇಳಿದರು. ಅವರು ಕಡಿಮೆ ಅಂದದ್ದನ್ನು ನನ್ನ ಸೊಸೆ ಪೂರಾ ಬಂದ್ ಎಂದೇ ತಿಳಿದಳು. ಮರುದಿನ ಜೋಳದ ನುಚ್ಚು ಬೇಯಿಸಿ, ಮಜ್ಜಿಗೆ ಹಾಕಿ ನನ್ನ ಮುಂದೆ ತಂದಿಟ್ಟಳು. ಬಿಸಿ ನುಚ್ಚಿನ ವಾಸನೆ ಚೆನ್ನಾಗಿಯೇ ಇತ್ತು. ಒಂದು ತುತ್ತು ಬಾಯಿಗಿಟ್ಟವಳು ಹಾಗೇ ಕುಳಿತುಬಿಟ್ಟೆ. ರುಚಿ ಹತ್ತಲಿಲ್ಲವೇನೋ ಎಂದು ಸೊಸೆ ನನ್ನ ಮುಖ ನೋಡಿದಳು. ರುಚಿಯ ಮಾತಾಗಿರಲಿಲ್ಲ. ನಿಪ್ಪಾಣಿಯ ನಮ್ಮ ಹಳೆಯ ಓಣಿ, ನಡುಗೋಡೆಯ ಆಚೆಯ ಮನೆ, ಸೆರಗಿನಡಿ ಬೋಗುಣಿ ಹಿಡಿದು ಬರುತ್ತಿದ್ದ ಮಾವಶಿ... ಎಲ್ಲ ಒಮ್ಮೆಲೇ ನೆನಪಾದವು.

ಮಾವಶಿ ಅಂದರೆ ಚಿಕ್ಕಮ್ಮ. ನಮಗೂ ಅವಳಿಗೂ ರಕ್ತಸಂಬಂಧವೇನೂ ಇರಲಿಲ್ಲ. ಮರಾಠಿ-ಕನ್ನಡ ಎರಡೂ ನಡೆಯುವ ನಮ್ಮ ಕಡೆ ಓಣಿಯ ಹಿರಿಯ ಹೆಂಗಸರೆಲ್ಲ ಮಾವಶಿಯರೇ. ಅವಳ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ಇಚಲಕರಂಜಿಗೆ ಕೊಟ್ಟಿದ್ದಳು. ದಿನವಿಡೀ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತ ಕೂಡುತ್ತಿದ್ದಳು. ಓಣಿಗೆ ಯಾರು ಬಂದರು, ಯಾರು ಹೋದರು, ಯಾರ ಮನೆಯ ಒಲೆ ಇನ್ನೂ ಹೊತ್ತಿಲ್ಲ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ಅಂಥವರನ್ನು ನಾನು ದೂರವೇ ಇಟ್ಟಿರುತ್ತೇನೆ. ನನ್ನದು ಹುಟ್ಟಿನಿಂದಲೇ ಸಂಶಯದ ಬುದ್ಧಿ. ಹಾಲಿನವನು ಹಾಲು ಅಳೆಯುವಾಗ ಅವನ ಹೆಬ್ಬೆರಳು ಎಲ್ಲಿದೆ ಎಂದು ನೋಡುವವಳು ನಾನು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ನನ್ನ ತವರಿನಲ್ಲಿ ಯಾರೂ ಕಲಿಸಬೇಕಾಗಿರಲಿಲ್ಲ.

ನಮ್ಮ ಯಜಮಾನರು ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಮುಕಾದಮರಾಗಿದ್ದರು; ಆಳುಗಳ ಮೇಲೆ ನಿಂತು ಕೆಲಸ ಮಾಡಿಸುವುದು, ಮಾಲು ನೋಡುವುದು ಅವರ ಕೆಲಸ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೋಳಿ ಹುಣ್ಣಿಮೆಯ ಮರುದಿನ ಅವರಿಗೆ ಮೂತ್ರ ಕಟ್ಟಿತು. ಬಚ್ಚಲಲ್ಲಿ ಗೋಡೆ ಹಿಡಿದು ನಿಂತಿದ್ದರು. ಕಲ್ಲಿನ ಮೇಲೆ ರಕ್ತದ ಗಡ್ಡೆ ಬಿದ್ದಿತ್ತು. ಅಂದೇ ಮಿರಜಿಗೆ ಒಯ್ದೆವು. ಮೂತ್ರದ ಚೀಲದಲ್ಲಿ ಕ್ಯಾನ್ಸರ್ ಬೆಳೆದು ಒಳಗಿನ ತನಕ ಇಳಿದಿದೆ, ಚೀಲವನ್ನೇ ತೆಗೆಯಬೇಕು ಅಂದರು ಅಲ್ಲಿಯ ಡಾಕ್ಟರು. ಸ್ವಲ್ಪ ಮೊದಲೇ ಬಂದಿದ್ದರೆ ಬರೀ ಗಡ್ಡೆಯನ್ನು ಕೆರೆದು ತೆಗೆದು ಚೀಲ ಉಳಿಸಬಹುದಿತ್ತೇನೋ ಎಂದೂ ಅಂದರು. ಯಜಮಾನರು ಕಿಟಕಿಯ ಕಡೆ ನೋಡುತ್ತ ಮಲಗಿದ್ದರು.

ಹಳೆಯ ಚೀಲ ತೆಗೆದು, ಅವರದೇ ಕರುಳಿನ ಒಂದು ತುಂಡಿನಿಂದ ಹೊಸ ಚೀಲ ಹೊಲಿದು ಕೂಡಿಸಿದರಂತೆ. ನಾನು ಅದನ್ನೂ ಬಹಳ ದಿನ ನಂಬಲಿಲ್ಲ. ಕರುಳಿನಲ್ಲಿ ಚೀಲ ಹೊಲಿಯುವುದೆಂದರೆ ಹಳೆಯ ಲುಂಗಿಯಲ್ಲಿ ಸಂತೆಚೀಲ ಹೊಲಿದಂತೆಯೇ? ನಮಗೇನು ತಿಳಿಯುತ್ತದೆ ಎಂದು ಏನಾದರೂ ಹೇಳುತ್ತಾರೆ ಎಂದುಕೊಂಡೆ. ಮನೆಗೆ ಕಳಿಸುವಾಗ ಡಾಕ್ಟರು ಬಹಳ ಹೇಳಿದರು. ಮೂತ್ರಕ್ಕೆಂದು ಹಾಕಿದ್ದ ಕೊಳವೆಯೊಳಗೆ ಉಪ್ಪುನೀರು ಬಿಟ್ಟು ಲೋಳೆ ತೊಳೆಯಬೇಕು. ನೀರು ಹೆಚ್ಚು ಕುಡಿಸಬೇಕು. ಕೊಳವೆ ತೆಗೆದ ಮೇಲೆ ಒಂದಕ್ಕೆ ಬಂದದ್ದು ಅವರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಗಡಿಯಾರ ನೋಡಿ ಕಳಿಸಬೇಕು. ಕಡೆಗೆ, ಊಟದಲ್ಲಿ ಉಪ್ಪು ಮೊದಲಿಗಿಂತ ಜಾಸ್ತಿ ಇರಲಿ ಅಂದರು. ಆಪರೇಶನ್ ಆದವರಿಗೆ ಉಪ್ಪು ಜಾಸ್ತಿ ಎಂಬುದನ್ನು ನಾನು ಅಲ್ಲಿಯ ತನಕ ಎಲ್ಲೂ ಕೇಳಿರಲಿಲ್ಲ.

ಓಣಿಯಲ್ಲಿ ಮಾತ್ರ ಮೂತ್ರದ ಹರಳಿನ ಆಪರೇಶನ್ ಎಂದೇ ಹೇಳಿದೆವು. ಯಜಮಾನರ ಹಟ ಅದು. ಕ್ಯಾನ್ಸರ್ ಅಂದರೆ ಜನ ಲೋಟ ಬೇರೆ ಇಡುತ್ತಾರೆ, ವಖಾರಿಯಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸುತ್ತಾರೆ ಅಂದರು. ಎಲ್ಲರೂ ನಂಬಿದರು. ನಂಬದವಳು ಮಾವಶಿ ಒಬ್ಬಳೇ. ಹರಳು ಅಂದಾಗ ಅವಳು ಏನೂ ಕೇಳಲಿಲ್ಲ, ಹೂಂ ಅನ್ನಲೂ ಇಲ್ಲ. ಎಲ್ಲವನ್ನೂ ಕೇಳುವ ಹೆಂಗಸು ಏನೂ ಕೇಳುವುದಿಲ್ಲ ಎಂದರೆ ನನಗೆ ಸಂಶಯ ಬಾರದೆ ಇರುತ್ತದೆಯೇ?

ಮರುದಿನದಿಂದಲೇ ಬೋಗುಣಿ ಬರತೊಡಗಿತು. ಜೋಳದ ನುಚ್ಚು, ಮೇಲೆ ತೆಳ್ಳನೆ ಮಜ್ಜಿಗೆ, ಒಂದು ಹರಳು ಉಪ್ಪೂ ಇಲ್ಲ. "ಹೊಲಗಿ ಹಾಕಿದ ಮೈಗಿ ಉಪ್ಪ ಕೊಡಬಾರದವಾ, ಒಳಗ ಕೀವ ಹಿಡಿತೈತಿ" ಎಂದಳು. ನಮ್ಮ ಕಡೆಯ ಪಥ್ಯವೇ ಅದು. ಬಾಣಂತಿಗೂ ಗಾಯದವರಿಗೂ ಸಪ್ಪನ್ನವನ್ನೇ ಹಾಕುತ್ತೇವೆ. ಡಾಕ್ಟರು ಹೀಗೆ ಹೇಳಿದ್ದಾರೆ ಎಂದು ನಾನು ಬಾಯಿ ತೆರೆದೆ. ಆದರೆ ನನಗೇ ಡಾಕ್ಟರ ಮಾತಿನಲ್ಲಿ ನಂಬಿಕೆ ಇರಲಿಲ್ಲವಲ್ಲ. ಯಜಮಾನರಂತೂ ನನ್ನ ಸಾರನ್ನು ಸರಿಸಿ ಮಾವಶಿಯ ಬೋಗುಣಿಗೆ ಕೈ ಚಾಚುತ್ತಿದ್ದರು. ನಾನು ಏನು ಮಾಡಿದರೂ ವಾಂತಿ ಬರುತ್ತದೆ ಅನ್ನುವವರು ಅವಳು ಮುಂದೆ ಕುಳಿತರೆ ತಲೆ ತಗ್ಗಿಸಿ ಉಣ್ಣುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ನಾನು ಒಳಗೆ ಬಂದರೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ನಾನು ಇದನ್ನು ಕಂಡೂ ಕಾಣದವಳಂತೆ ಇದ್ದೆ, ಆದರೆ ಮನಸ್ಸಿನಲ್ಲಿ ಗಂಟು ಕಟ್ಟಿ ಇಟ್ಟುಕೊಂಡೆ.

ಕೊಳವೆ ತೆಗೆದ ಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ಹೊಸ ಚೀಲಕ್ಕೆ ಬುದ್ಧಿ ಇರಲಿಲ್ಲ. ತುಂಬಿದರೂ ತಿಳಿಸುತ್ತಿರಲಿಲ್ಲ, ಸೋರಿದರೂ ತಿಳಿಸುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಬಚ್ಚಲಿಗೆ ಹೋಗಿ, ಹೆಂಗಸರಂತೆ ಕುಳಿತು, ಕೈಯಿಂದ ಹೊಟ್ಟೆ ಒತ್ತಿ ಖಾಲಿ ಮಾಡಬೇಕು. ಕುಳಿತುಕೊಳ್ಳುವುದೆಂದರೆ ಅವರಿಗೆ ಜೀವ ಹೋದಷ್ಟು ನಾಚಿಕೆ. ಹಾಸಿಗೆಗೆ ರಬ್ಬರ್ ಹಾಳೆ ಹಾಕಿ ಮೇಲೆ ನನ್ನ ಹಳೆಯ ಸೀರೆಗಳನ್ನು ಮಡಚಿ ಹಾಸುತ್ತಿದ್ದೆ. ಅವನ್ನು ಒಗೆದು ಹಿತ್ತಲಲ್ಲಿ ಒಣಗಿಸುವಾಗ ಮೇಲೆ ಒಂದು ಚಾದರ ಮುಚ್ಚುತ್ತಿದ್ದೆ, ಯಾರೂ ನೋಡಬಾರದೆಂದು. ಯಜಮಾನರೋ, ಹೋಗಿ ಬಂದೆ ಎಂದು ಸುಳ್ಳು ಹೇಳುತ್ತಿದ್ದರು. ನಾನು ಬಾಗಿಲಿಗೆ ಕಿವಿಗೊಟ್ಟು ನಿಲ್ಲತೊಡಗಿದೆ. ಅದು ತಿಳಿದ ಮೇಲೆ ಒಳಗೆ ತಂಬಿಗೆಯಿಂದ ನೀರು ಸುರಿದು ಸದ್ದು ಮಾಡತೊಡಗಿದರು. ತಂಬಿಗೆಯ ನೀರು ಒಂದೇ ಸಮನೆ ಬೀಳುತ್ತದೆ, ಮನುಷ್ಯನದು ಹಾಗಲ್ಲ. ತಂಬಿಗೆಯನ್ನೇ ತೆಗೆದು ಹೊರಗಿಟ್ಟೆ. ಅವತ್ತು ಅವರು ನಕ್ಕರು. ಆಪರೇಶನ್ ಆದಮೇಲೆ ಮೊದಲ ಸಲ ನಕ್ಕದ್ದು ಅದೇ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಅವರು ಕರಗತೊಡಗಿದರು. ಕೆನ್ನೆಯ ಮೂಳೆ ಎದ್ದು ಬಂತು, ಮಾತು ತೊದಲಿತು. ಹಗಲೂ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಕರೆದರೆ ಹೂಂ ಅನ್ನುವುದಕ್ಕೂ ತಡ. ಚೀಲ ಹೋದರೂ ಜೀವ ಉಳಿಯಿತು ಎಂದುಕೊಂಡಿದ್ದೆ, ಈಗ ಅದೂ ಕೈಯಿಂದ ಜಾರುತ್ತಿತ್ತು. ಹೊರಗಿನಿಂದ ಅವರ ಹೊಟ್ಟೆಗೆ ಹೋಗುತ್ತಿದ್ದದ್ದು ಒಂದೇ, ಆ ಬೋಗುಣಿಯ ನುಚ್ಚು. ಅನ್ನದಲ್ಲಿ ಮದ್ದು ಹಾಕಿದರೆ ಮನುಷ್ಯ ಹೀಗೇ ದಿನದಿನಕ್ಕೆ ಒಣಗುತ್ತಾನೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಹಾರೂಗೇರಿಯ ಕಡೆ ಮದ್ದು ಕಕ್ಕಿಸುವವನೊಬ್ಬ ಇದ್ದಾನೆ ಎಂದು ವಖಾರಿಯ ಹೆಂಗಸೊಬ್ಬಳು ಹೇಳಿದಳು. ಅಲ್ಲಿಗೆ ಒಯ್ಯುವ ವಿಚಾರ ಮಾಡಿಬಿಟ್ಟಿದ್ದೆ. ಅದಕ್ಕೆ ಮೊದಲು ಒಂದು ಸಲ ಅವಳನ್ನೇ ನೋಡಿಬಿಡೋಣ ಅನ್ನಿಸಿತು.

ಮರುದಿನ ಬೋಗುಣಿ ತಂದಾಗ ಬಾಗಿಲಲ್ಲೇ ತಡೆದೆ.

"ಇವತ್ತ ಮೊದಲ ನೀವ ಉಣ್ರಿ ಮಾವಶಿ, ನನ್ನ ಮುಂದ. ನಿಮ್ಮ ಮನಸಿನ್ಯಾಗ ಏನೋ ಐತಿ, ನನಗ ಗೊತ್ತಾಗತೈತಿ."

ಅವಳ ಮುಖ ಬಿಳಿಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಒಂದು ಕೈ ತಾನಾಗಿ ಎದೆಗೆ ಹೋಯಿತು. ನನ್ನ ಸಂಶಯ ಗಟ್ಟಿಯಾಯಿತು. ಆದರೆ ಅವಳು ಅಲ್ಲೇ ಕಟ್ಟೆಯ ಮೇಲೆ ಕುಳಿತಳು. ಅವಸರವಿಲ್ಲದೆ, ಒಂದೊಂದೇ ತುತ್ತು ಮಾಡಿ, ಬೋಗುಣಿಯ ತಳ ಬೆರಳಿನಿಂದ ಬಳಿದು ಉಂಡಳು.

"ನಾನೂ ಇದನ್ನ ಉಣ್ಣಾಕತ್ತೇನಿ. ಅಂವಾ ಮಿರಜಿಗಿ ಹೋದಾಗಿಂದ ನನ್ನ ಬಾಯಾಗ ಉಪ್ಪ ಬಿದ್ದಿಲ್ಲ. ಅಂವಾ ಆರಾಮ ಆಗೂ ತನಕಾ ಬಿಟ್ಟೇನಿ" ಎಂದಳು.

ಬೇರೆ ಯಾರಾದರೂ ಆಗಿದ್ದರೆ ಅವಳ ಕಾಲು ಹಿಡಿಯುತ್ತಿದ್ದರು. ನನಗೆ ಸಂಶಯ ಇಮ್ಮಡಿಯಾಯಿತು. ಪಕ್ಕದ ಮನೆಯ ಗಂಡಸಿಗಾಗಿ ಯಾರಾದರೂ ಉಪ್ಪು ಬಿಡುತ್ತಾರೆಯೇ? ಆದರೂ ಒಂದು ಮಾತು ಖರೆ. ಮದ್ದು ಇಲ್ಲ ಎಂದಾದರೆ ಕಕ್ಕಿಸುವವನ ಹತ್ತಿರ ಕೆಲಸವಿಲ್ಲ. ಅಂದೇ ಒಂದು ಜೀಪು ಮಾಡಿಕೊಂಡು ಮಿರಜಿಗೆ ಹೊರಟೆ. ಶಿರಗುಪ್ಪಿಯ ಹತ್ತಿರ ರಸ್ತೆ ತುಂಬ ಕಬ್ಬಿನ ಗಾಡಿಗಳು. ಒಂದೂ ಸರಿಯಲೊಲ್ಲದು. ನನ್ನ ತೊಡೆಯ ಮೇಲೆ ಅವರ ತಲೆ ಇತ್ತು. ಉಸಿರು ಇದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದುಕೊಂಡೇ ಹೋದೆ...

ಡಾಕ್ಟರು ಎಲ್ಲಕ್ಕೂ ಮೊದಲು ಕೇಳಿದ್ದು ಊಟದಲ್ಲಿ ಉಪ್ಪು ಹಾಕುತ್ತೀರೋ ಇಲ್ಲವೋ ಎಂದು. ಕರುಳು ಎಲ್ಲಿದ್ದರೂ ಕರುಳೇ, ಮೂತ್ರದ ಚೀಲವಾದ ಮೇಲೂ ತನ್ನ ಗುಣ ಬಿಡುವುದಿಲ್ಲ, ಮೈಯೊಳಗಿನ ಉಪ್ಪನ್ನು ಹೊರಗೆ ಬಿಡುತ್ತದೆ, ಅದಕ್ಕೇ ಜಾಸ್ತಿ ಹಾಕಿ ಅಂದದ್ದು ಎಂದು ಮರಾಠಿಯಲ್ಲಿ ಸಿಟ್ಟು ಮಾಡಿದರು. ಸಲೈನ್ ಹಚ್ಚಿ, ಸೋಡಾದ ಗುಳಿಗೆ ಕೊಟ್ಟ ಮೇಲೆ ಯಜಮಾನರು ಕಣ್ಣು ಬಿಟ್ಟು, ಹಸಿವಾಗಿದೆ ಎಂದರು. ನನಗೆ ಅಳು ಬಂತು. ಡಾಕ್ಟರನ್ನು ನಂಬಲು ಶುರು ಮಾಡಿದ್ದು ಅಂದಿನಿಂದ.

ಮನೆಗೆ ಬಂದು ಮಾವಶಿಗೆ ಇದನ್ನೆಲ್ಲ ಹೇಳಿದೆ. ಬೋಗುಣಿ ಬರುವುದು ನಿಂತಿತು. ಆದರೆ ಅವಳ ವ್ರತ ನಿಲ್ಲಲಿಲ್ಲ. ಪಥ್ಯ ಅವನಿಗೆ ಬೇಡವಾದರೆ ಅವನ ಪಾಲಿನದನ್ನೂ ನಾನೇ ಮಾಡುತ್ತೇನೆ ಎಂದಳು. ಸುಳ್ಳಿರಬಹುದು ಎಂದು ನಾನು ನಿಗಾ ಇಟ್ಟೆ. ಓಣಿಯ ಸೀಮಂತದ ಊಟದಲ್ಲಿ ಎಲ್ಲರೂ ಪಲ್ಯ, ಉಪ್ಪಿನಕಾಯಿ ಹಾಕಿಸಿಕೊಂಡರೆ ಅವಳು ಮೊಸರು, ರೊಟ್ಟಿ ಅಷ್ಟೇ ಉಂಡು ಎದ್ದಳು. ವ್ರತ ಖರೆಯೇ ಇತ್ತು. ಕಾರಣವೇನು?

ಕೇಳಿದೆ, ಗಂಡನನ್ನೇ. ಮಳೆಗಾಲದ ಒಂದು ಬೆಳಗು. ಅವರು ಬಚ್ಚಲಲ್ಲಿ ಹೊಟ್ಟೆ ಒತ್ತುತ್ತ ಕುಳಿತಿದ್ದರು, ನಾನು ಎಂದಿನಂತೆ ಬಾಗಿಲ ಹೊರಗೆ. ಮುಖ ಕಾಣದ್ದರಿಂದಲೋ ಏನೋ, ಆವತ್ತು ಹೇಳಿದರು.

"ದಸರಾಕ್ಕ ಮೊದಲನೇ ಸಲ ರಕ್ತ ಬಿದ್ದಾಗ ಮಾವಶಿಗಿ ಹೇಳಿದ್ದೆ. ಆಕಿ ಗಂಡಗೂ ಹಿಂಗ ಆಗಿತ್ತಲ್ಲ, ಅದಕ್ಕ ಕೇಳಿದ್ದೆ. ದವಾಖಾನಿಗಿ ಹೋಗಪಾ ಅಂತ ಅತ್ತಳು. ನನ್ನ ಹೆಂಡತಿಗಿ ಹೇಳಿದ್ರ ನನ್ನ ಹೆಣಾ ನೋಡ್ತಿ ಅಂತ ಆಣಿ ಹಾಕಿದೆ."

ಆಮೇಲೆ ಒಳಗೆ ನೀರಿನ ಸದ್ದಾಯಿತು. ಅದು ಯಾವ ನೀರು ಎಂದು ಆವತ್ತು ನಾನು ಕಿವಿಗೊಡಲಿಲ್ಲ.

ದಸರೆಯಿಂದ ಹೋಳಿಯ ತನಕ. ಅಷ್ಟೂ ದಿನ ಅವಳು ನನಗೆ ಕರಿಬೇವು ಕೊಟ್ಟಿದ್ದಳು, ನನ್ನ ಹೆರಳು ಹೆಣೆದಿದ್ದಳು, ಎಳ್ಳು-ಬೆಲ್ಲ ಕೊಟ್ಟು ಒಳ್ಳೆಯ ಮಾತಾಡೋಣ ಅಂದಿದ್ದಳು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಚೀಲ ಉಳಿಯುತ್ತಿತ್ತೇನೋ. ನನಗೆ ಬಂದ ಸಿಟ್ಟು ಅಂಥಿಂಥದಲ್ಲ. ತಪ್ಪು ಗಂಡನದೂ ಇತ್ತು, ನನಗೆ ತಿಳಿಯುತ್ತಿತ್ತು. ಆದರೆ ಅವರನ್ನು ನಾನು ಬದುಕಿಸಿಕೊಳ್ಳಬೇಕಿತ್ತು, ಅವರ ಮೇಲೆ ಸಿಟ್ಟಾಗುವ ಹಾಗಿರಲಿಲ್ಲ. ಎಲ್ಲ ಸಿಟ್ಟೂ ಗೋಡೆ ದಾಟಿ ಅವಳ ಮೇಲೆಯೇ ಹೋಯಿತು. ನನ್ನ ಸಂಶಯ ಸುಳ್ಳಾಗಿರಲಿಲ್ಲ. ಮದ್ದಿನ ಮಾತೊಂದೇ ಸುಳ್ಳು.

ಮುಂದಿನ ವರ್ಷ ಮಿರಜಿನಲ್ಲಿ ಎಲ್ಲ ತಪಾಸಣೆ ಮಾಡಿ, ರೋಗದ ಸುಳಿವಿಲ್ಲ ಎಂದರು. ಯಜಮಾನರು ಮತ್ತೆ ವಖಾರಿಗೆ ಹೋಗತೊಡಗಿದ್ದರು. ಮಾವಶಿಯ ವ್ರತ ಬಿಡಿಸು ಎಂದರು. ಯಾರ ಸಲುವಾಗಿ ಬಿಟ್ಟಿದ್ದಾರೋ ಆ ಮನೆಯ ಹೆಂಗಸೇ ಉಪ್ಪಿನ ಮೊದಲ ತುತ್ತು ಬಡಿಸಬೇಕು. ಝುಣಕ, ರೊಟ್ಟಿ, ಮೆಣಸಿನ ಹಿಂಡಿ ಮಾಡಿ ಕರೆದೆ. ಗೋಡೆಗೊರಗಿ ಕುಳಿತಳು. ತಟ್ಟೆ ಇಟ್ಟು ಅವಳ ಮುಂದೆಯೇ ಕುಳಿತೆ. ತುತ್ತು ಮುರಿದು ಎತ್ತಿದಾಗ ಹೇಳಿದೆ.

"ನನಗ ಎಲ್ಲಾ ಗೊತ್ತಾಗೇತಿ ಮಾವಶಿ. ದಸರಾದ ಮಾತು."

ಅವಳ ಕೈ ಅಲ್ಲೇ ನಿಂತಿತು. "ಗೊತ್ತಿದ್ದೂ ಉಣ್ಣಾಕ ಕರದಿಯೇನವಾ?"

"ನೀವು ಉಪ್ಪ ಬಿಟ್ರ ಹ್ವಾದ ಚೀಲ ತಿರಗಿ ಬರೂದಿಲ್ರಿ. ಉಣ್ರಿ."

ಉಂಡಳು. ಅತ್ತಳೋ ಇಲ್ಲವೋ ಹೇಳಲಾರೆ, ಹಿಂಡಿಯ ಖಾರಕ್ಕೂ ಕಣ್ಣು ತುಂಬುತ್ತದೆ. ತಟ್ಟೆ ತೊಳೆಯಲು ಎದ್ದವಳನ್ನು ತಡೆದು ನಾನೇ ತೊಳೆದೆ. ಆ ಮಾತು ಮತ್ತೆ ನಮ್ಮಿಬ್ಬರ ನಡುವೆ ಬರಲಿಲ್ಲ. ಕರಿಬೇವು ಕೊಡುವುದು, ಹೆರಳು ಹೆಣೆಯುವುದು ಎಲ್ಲ ಮೊದಲಿನಂತೆ ನಡೆಯಿತು... ಪೂರಾ ಮೊದಲಿನಂತೆ ಅಲ್ಲ. ನಾನು ಕ್ಷಮಿಸಿದೆ ಎಂದೂ ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಕಣ್ಣು ಮಂಜಾಗಿ ಬೀಡಿ ಕಟ್ಟುವುದು ಆಗದಾದಾಗ ಮಗಳು ಬಂದು ಇಚಲಕರಂಜಿಗೆ ಕರೆದುಕೊಂಡು ಹೋದಳು.

ಕೆಲವು ವರ್ಷಗಳ ಮೇಲೆ ಅಲ್ಲಿಯೇ ತೀರಿಕೊಂಡಳು. ನಮಗೆ ಸುದ್ದಿ ಮುಟ್ಟಿದಾಗ ಮಣ್ಣು ಆಗಿಹೋಗಿತ್ತು. ನಾನೊಬ್ಬಳೇ ಮಾತಾಡಿಸಿಕೊಂಡು ಬರಲು ಹೋದೆ. ಸುತ್ತ ಮಗ್ಗಗಳ ಸದ್ದು. ಮಗಳು ಚಹಾ ಕೊಟ್ಟು ಹತ್ತಿರ ಕುಳಿತಳು.

"ಕಾಕು, ಒಂದ ಮಾತು ಕೇಳ್ಲೇನ್ರಿ? ನಮ್ಮವ್ವ ಕಡಿತನಕಾ ಸೋಮವಾರ ಉಪ್ಪ ತಿನ್ನಲಿಲ್ಲ. ಯಾರ ಸಲುವಾಗಿ ಅಂತ ಕೇಳಿದ್ರ ಹೇಳ್ತಿರಲಿಲ್ಲ. ನಿಮಗೇನರ ಗೊತ್ತೈತೇನ್ರಿ?"

"ಇಲ್ಲವಾ. ನನಗೂ ಹೇಳಿಲ್ಲ" ಎಂದೆ.

ಮನೆಗೆ ಬಂದಾಗ ಯಜಮಾನರು ಏನೆಂದಳು ಮಗಳು ಎಂದು ಕೇಳಿದರು. ಏನೂ ಇಲ್ಲ ಎಂದೆ. ಹೇಳಿದ್ದರೆ ಮಾವಶಿಗಾಗಿ ಅವರೂ ಸೋಮವಾರ ಉಪ್ಪು ಬಿಡುತ್ತಿದ್ದರು, ಆ ಮನುಷ್ಯನನ್ನು ನಾನು ಬಲ್ಲೆ. ಅವರಿಗೆ ಉಪ್ಪು ಬಿಡುವ ಹಾಗಿರಲಿಲ್ಲ. ಆ ಕರುಳಿನ ಚೀಲದ ಮೇಲೆಯೇ ಬಹಳ ವರ್ಷ ಬಾಳಿದರು. ಕಡೆಗೆ ಹೋದದ್ದು ಎದೆನೋವಿನಿಂದ. ಅಷ್ಟೂ ವರ್ಷ ಸೋಮವಾರದ ಆ ಮಾತನ್ನು ನುಂಗಿಕೊಂಡೇ ಇದ್ದೆ. ಒಂದು ಮಾತನ್ನು ಮನೆಯೊಳಗೆ ಇಟ್ಟುಕೊಂಡು ದಿನಾ ಒಬ್ಬರ ಮುಖ ನೋಡುವುದು ಎಷ್ಟು ಕಷ್ಟ ಎಂಬುದು ಮಾವಶಿಯ ಬಾಯಿಂದ ಕೇಳಿದ್ದಲ್ಲ, ನನಗೇ ತಿಳಿಯಿತು. ಈಗ ಅವಳೂ ಇಲ್ಲ, ಅವರೂ ಇಲ್ಲ. ಹೇಳಿದರೆ ಇನ್ನು ಯಾರಿಗೂ ಏನೂ ಆಗುವುದಿಲ್ಲ ಎಂದು ಇವತ್ತು ಬರೆದಿದ್ದೇನೆ.