ಬಾಗಿದ ಕಡ್ಡಿ

ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯ ಫಾರೆಸ್ಟರ್ ಎಲ್ಲಿ ಕಟ್ಟಿಗೆ ಕಂಡರೂ ಒಂದು ಕಡ್ಡಿ ಎಳೆದು, ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಚಟ್ ಎಂದರೆ ಒಣಗಿದ್ದು, ತಾಂಡಾದವರು ಆಯ್ದು ಮಾರಬಹುದು. ಬಾಗಿದರೆ ಹಸಿ, ಕೊಡಲಿ ಜಪ್ತಿ. "ರೂಲ್ ಅಂದ್ರೆ ರೂಲ್ ರೀ" ಎನ್ನುವುದೇ ಅವರ ಗುಡ್ ಮಾರ್ನಿಂಗ್. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಪಳಗಿದ ನನಗೂ ಅವರೆದುರು ಬೆನ್ನು ನೆಟ್ಟಗಾಗುತ್ತಿತ್ತು.

ಒಂದು ಬೆಳಿಗ್ಗೆ ಅವರದೇ ಗೇಟಿನಿಂದ ಲಂಬಾಣಿ ಹೆಂಗಸೊಬ್ಬಳು ಹೊರೆ ಹೊತ್ತು ಹೊರಬಂದಳು. ಜಗಲಿಯಿಂದಿಳಿದು ಫಾರೆಸ್ಟರ್ ಕಡ್ಡಿ ಎಳೆದರು. ಬಾಗಿತು.

"ಹಸಿ ಐತೆ. ಕೊಡು ಕೊಡ್ಲಿ."

"ಕೊಡ್ಲಿ ಹೋದ್ರೆ ನನ್ನ ಹೊಟ್ಟೆನೂ ಹೋತು, ಸಾಹೇಬ್ರೆ. ಇದು ನಿಮ್ಮ ಹಿತ್ತಲ ಬೇವು. ಅಮ್ಮಾರೇ ಕಡಿಸಿ ಕೊಟ್ರು."

ಕಿಟಕಿಯಿಂದ ಅವರ ಹೆಂಡತಿಯ ದನಿ ಬಂತು: "ಹಂಗಾದ್ರೆ ನನ್ನೂ ಜಪ್ತಿ ಮಾಡ್ರಿ!"

ಅವರು ನಗಲಿಲ್ಲ. ಕಸಿದುಕೊಂಡಿದ್ದ ಕೊಡಲಿ ಹಿಂದಿರುಗಿಸಿ, ದಾರಿಯಲ್ಲಿ ಗಾರ್ಡುಗಳು ಹಿಡಿದಾರೆಂದು ಜಗಲಿಯಲ್ಲೇ ಕೂತು ಒಂದು ಪಾಸು ಬರೆದುಕೊಟ್ಟರು.

ಅವರಿಗೆ ವರ್ಗವಾಗಿ ಎಷ್ಟೋ ವರ್ಷಗಳ ಮೇಲೆ, ಹರಿಹರದ ಫಾರೆಸ್ಟ್ ನಾಕಾದಲ್ಲಿ ಅದೇ ಹೆಂಗಸು ಅದೇ ಚೀಟಿ ತೋರಿಸಿ ಹೊರೆ ದಾಟಿಸುತ್ತಿದ್ದಳು. ಇಸಿದುಕೊಂಡು ಓದಿದೆ. "ಈಕೆಯ ಕಟ್ಟಿಗೆ ನನಗೆ ಗೊತ್ತಿದ್ದದ್ದು, ಬಿಡುವುದು." ಸಹಿ, ಸೀಲು, ಎಲ್ಲ ಪರ್ಫೆಕ್ಟ್. ರೂಲಿನ ಆ ಮನುಷ್ಯ ತಾರೀಖೊಂದನ್ನು ಮಾತ್ರ ಹಾಕಿರಲಿಲ್ಲ.